ಶಿವಪುತ್ರಪ್ಪನ ಕಾಲಿನ ಬಾವು

ಎರಡು ಸಾವಿರದ ಆರನೇ ಇಸ್ವಿಯೊಳಗ ಪುಣೆಯ ಧನಕವಡಿಗೆ ಹೊಸಾ ದವಾಖಾನಿ ಬಂದಾಗ ಎಲ್ಲಾರಕ್ಕಿಂತ ಹೆಚ್ಚು ಖುಷಿಪಟ್ಟಾಂವ ಶಿವಪುತ್ರಪ್ಪ. ವಿಜಾಪುರ ಕಡೆಯಿಂದ ಬಂದು ಅಲ್ಲೇ ಪೈಪು-ನಳದ ಅಂಗಡಿಯೊಳಗ ಗುಮಾಸ್ತಿಕಿ ಮಾಡಿಕೊಂಡಿದ್ದಾಂವ. ಮೈಯಾಗ ಸಕ್ರಿ ಬ್ಯಾನಿ, ಬಿ.ಪಿ. ಎರಡನ್ನೂ ಸಾಕಿಕೊಂಡಾಂವ. ಅಲ್ಲೀತನಾ ಸಕ್ರಿಗೆ ಒಬ್ಬ ಡಾಕ್ಟರ್, ಬಿ.ಪಿ.ಗೆ ಮತ್ತೊಬ್ಬ, ಕಣ್ಣಿಗೆ ಇನ್ನೊಬ್ಬ. ಒಬ್ಬರು ಬರದುಕೊಟ್ಟದ್ದನ್ನ ಇನ್ನೊಬ್ಬರು ನೋಡಿ ಮೂಗು ಮುರೀತಿದ್ರು. ಈ ದವಾಖಾನಿಯೊಳಗ ಹಂಗಿಲ್ಲ. ರಕ್ತ, ಕಣ್ಣು, ಪಾದ, ಕಿಡ್ನಿ, ಎಲ್ಲಾ ಒಂದ ಕಡೆ ಒಬ್ಬರ ಡಾಕ್ಟರ್ ನೋಡಿ, ತಿಂಗಳಿನ ಗುಳಗಿ ಕೈಯಾಗ ಇಟ್ಟು ಕಳಸ್ತಿದ್ರು. ತಪ್ಪಿಸಿದ್ರ ಮನಿತನಾ ಹುಡುಕ್ಕೊಂಡು ಬರ್ತಿದ್ರು. ಅಂಗಡಿಗೆ ಬಂದ ಗಿರಾಕಿಗೆ ನಳಾ ತೋರಸೂದು ಬಿಟ್ಟು ಶಿವಪುತ್ರಪ್ಪ ಈ ದವಾಖಾನಿ ಪುರಾಣ ಹೇಳಕೋತ ಕೂಡ್ತಿದ್ದ.

ಅಲ್ಲಿಯ ಡಾಕ್ಟರ್ ಪ್ರಣೀತಾ, ಉಡುಪಿ ಕಡೆಯ ಹೋಟೆಲಿನವರ ಮಗಳು. ತನ್ನ ಕೂಡ ಕನ್ನಡದಾಗ ಮಾತಾಡ್ತಾಳ ಅಂತ ಶಿವಪುತ್ರಪ್ಪಗ ಆಕಿ ಮ್ಯಾಲ ಭಾಳ ಅಭಿಮಾನ. ಆದ್ರ ಅಂವ ಹೋದಾಗೊಮ್ಮೆ ಆಕಿ ಒಂದ ಮಾತು ಹಿಡೀತಿದ್ಲು.

"ನಮ್ಮಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ ಇದ್ರೆ ಮನೆಯವರನ್ನೆಲ್ಲ ನೋಡುವ ಕ್ರಮ ಉಂಟು. ನಿಮ್ಮ ಹೆಂಡತಿಯನ್ನು ಕರ್ಕೊಂಡು ಬನ್ನಿ ಮಾರಾಯ್ರೆ."

"ಆಕಿಗೇನಾಗೇದ್ರಿ ಬಾಯಾರ? ಕಲ್ಲಿನಂಗ ಗಟ್ಟಿ ಅದಾಳ."

ಸುಳ್ಳು. ಹಸೀ ಸುಳ್ಳು. ಹೆಂಡತಿ ಭೀಮವ್ವಗ ಸಕ್ರಿ ಬ್ಯಾನಿ ಹತ್ತಿ ವರ್ಷದ ಮ್ಯಾಲಾಗಿತ್ತು. ಸೊಲ್ಲಾಪುರಕ್ಕ ತಮ್ಮನ ಮನಿಗೆ ಹೋದಾಗ ಕಾಲಬಟ್ಟಿನ ಗಾಯ ಮಾಯವಲ್ದು ಅಂತ ತೋರಿಸಿದ್ಲು. ಅಲ್ಲೇ ಗೊತ್ತಾಯ್ತು. ಪುಣೆಕ್ಕ ಬಂದಾಕಿನ ಗಂಡನ ಕೈ ತನ್ನ ತಲಿ ಮ್ಯಾಲ ಇಟ್ಟುಕೊಂಡು ಆಣಿ ಮಾಡಿಸಿದ್ಲು. ಮಗಳು ಮಾಧುರಿ ಲಗ್ನ ಆಗೂತನಾ ಈ ಸುದ್ದಿ ಮಾಧುರಿಗೂ ಗೊತ್ತಾಗಬಾರದು ಅಂತ.

ಯಾಕಂದ್ರ ನಮ್ಮ ಮಂದಿ ಹೆಂಗಂತ ಆಕಿಗೆ ಗೊತ್ತಿತ್ತು. ಹಿಂದಿನ ಓಣಿಯೊಳಗ ಒಂದು ಹುಡುಗಿ ಸಂಬಂಧ ಅಕ್ಕಿಕಾಳಿನತನಾ ಬಂದು ಮುರದಿತ್ತು. ತಂದಿಗೆ ಸಕ್ರಿ ಇದ್ದದ್ದು ನಡೀತದ, ತಾಯಿಗೂ ಅದ ಅಂದ್ರ ಹುಡುಗಿಗೆ ತಪ್ಪೂದಿಲ್ಲ, ನಮ್ಮ ಮೊಮ್ಮಕ್ಕಳಿಗೂ ತಪ್ಪೂದಿಲ್ಲ ಅಂತ ಬೀಗರು ಚಹಾದ ಕಪ್ಪು ಕೆಳಗಿಟ್ಟು ಎದ್ದು ಹೋಗಿದ್ರು. ಶಿವಪುತ್ರಪ್ಪನ ಸಕ್ರಿಯಂತೂ ಊರ ಮುಂದ ಆಗಿತ್ತು, ತಾನ ಡಂಗುರಾ ಹೊಡದಿದ್ದ. ಉಳದದ್ದು ಭೀಮವ್ವಂದು. ಆಕಿ ಆ ದವಾಖಾನಿಯ ಬೆಂಚಿನ ಮ್ಯಾಲ ಒಮ್ಮೆ ಕುಂತ್ರ ಸಾಕು, ಸಂಜಿಯೊಳಗ ಕನ್ನಡ ಮಂದಿಯ ಮನಿ ಮನಿಗೆ ಸುದ್ದಿ.

"ನಿಮ್ಮ ಗುಳಗಿಯೊಳಗ ನನಗೂ ಕೊಡ್ರಿ," ಅಂದಿದ್ಲು ಭೀಮವ್ವ. "ಬ್ಯಾನಿ ಒಂದ ಅಲ್ಲೇನು? ಜಲ್ಮೆಲ್ಲಾ ನಿಮ್ಮ ತಾಟಿನಾಗ ಉಂಡಾಕಿ, ನಿಮ್ಮ ಗುಳಗಿ ನುಂಗಿದ್ರ ಸಾಯ್ತೀನೇನು?"

ಹಿಂಗಾಗಿ ಒಬ್ಬನ ಗುಳಗಿ ಇಬ್ಬರ ಹೊಟ್ಟಿಗೆ ಬಿತ್ತು. ಶಿವಪುತ್ರಪ್ಪನ ಸಕ್ರಿ ಏರಿತು. ಪ್ರಣೀತಾ ಹುಬ್ಬು ಗಂಟು ಹಾಕಿ ಜೋರಿನ ಗುಳಗಿ ಕೊಟ್ಲು. ಅದನ್ನೂ ತಂದು ಪಾಲು ಮಾಡಿದ.

ದೀಪಾವಳಿ ಮುಗಿಯೂದ್ರಾಗ ಭೀಮವ್ವನ ಕಾಲು ಬಾತವು. ಬೆರಳು ಒತ್ತಿದ್ರ ಕುಳಿ ಬಿದ್ದು ಹಂಗ ಉಳೀತಿತ್ತು. ಈಗೇನು ಮಾಡೂದು? ಶಿವಪುತ್ರಪ್ಪ ಒಂದು ಹಿಕಮತ್ತು ಹುಡುಕಿದ. ಸೀದಾ ದವಾಖಾನಿಗೆ ಹೋಗಿ, "ಬಾಯಾರ, ನನ್ನ ಕಾಲು ಬಾಯ್ತಾವ್ರಿ," ಅಂದ.

ಪ್ರಣೀತಾ ಬಗ್ಗಿ ಅಂವನ ಪ್ಯಾಂಟು ಮ್ಯಾಲ ಸರಿಸಿ ಒತ್ತಿ ನೋಡಿದ್ಲು. ಕಾಲು ಒಣಾ ಕಟಗಿ ಇದ್ದಂಗ ಇದ್ದವು.

"ಎಲ್ಲಿ ಉಂಟು ಬಾವು?"

"ಸಂಜಿಕ್ಕ ಬರ್ತದ್ರಿ. ಮುಂಜಾನೆ ಇಳೀತದ."

ಪಾಪ, ಆಕಿ ನಂಬಿದ್ಲು. ಅಂವನ ರಕ್ತ, ಅಂವನ ಮೂತ್ರ ತಪಾಸಿ, "ನಿಮ್ಮ ಕಿಡ್ನಿ ಚೆನ್ನಾಗಿ ಉಂಟು, ಹೆದರಬೇಡಿ," ಅಂದ್ಲು. ಗುಳಗಿ ಕೊಡೂ ಮುಂದ ಮತ್ತೊಂದು ಮಾತು ಹೇಳಿದ್ಲು: "ಇದು ಜೋರಿನ ಗುಳಿಗೆ. ತಗೊಂಡು ಉಪವಾಸ ಇರಬೇಡಿ. ಸಕ್ಕರೆ ಇಳಿದ್ರೆ ಮೈ ಬೆವರ್ತದೆ, ಮಾತು ಎಲ್ಲೆಲ್ಲಿಗೋ ಹೋಗ್ತದೆ. ಕೂಡಲೇ ಬಾಯಿಗೆ ಸಿಹಿ ಹಾಕ್ಬೇಕು. ತಡ ಮಾಡಿದ್ರೆ ಜೀವಕ್ಕೇ ಅಪಾಯ."

ಮನಿಗೆ ಬಂದು ಶಿವಪುತ್ರಪ್ಪ ಹೆಂಡತಿಗೆ ಹೇಳಿದ್ದು ಏನು? "ಕಿಡ್ನಿ ಚಲೋ ಅವ ಅಂತ, ಹೆದರಬ್ಯಾಡ." ಭೀಮವ್ವ ದೇವರ ಜಗಲಿಗೆ ಹೋಗಿ ಕೈ ಮುಗದು ಬಂದ್ಲು. ಎಂಥಾ ಹುಚ್ಚರಪ್ಪಾ! ಬಾತದ್ದು ಆಕಿ ಕಾಲು, ತಪಾಸಿದ್ದು ಇಂವನ ಕಿಡ್ನಿ, ಸಮಾಧಾನ ಮಾತ್ರ ಇಬ್ಬರಿಗೂ.

ಅಷ್ಟರಾಗ ಪುಣೆಯ ಆಚಿ ತುದಿಯ ನಿಗಡಿಯಿಂದ ಮಾಧುರಿಗೆ ಸಂಬಂಧ ಬಂತು. ಹುಡುಗ ಸ್ವಪ್ನಿಲ್, ಚಾಕಣದಾಗ ಕಾರಿನ ಸಾಮಾನು ಮಾಡೂ ಕಾರಖಾನಿಯೊಳಗ ಸುಪರ್‌ವೈಜರ್. ಅವರ ಮೂಲ ಜಮಖಂಡಿ. ಐತವಾರ ಮುಂಜಾನೆ ತಂದಿ ಅಪ್ಪಾಸಾಹೇಬ, ತಾಯಿ ಸಾವಿತ್ರಿಬಾಯಿ, ಹುಡುಗ ಮೂವರೂ ಕನ್ಯಾ ನೋಡಾಕ ಬಂದ್ರು.

ಭೀಮವ್ವ ಎಲ್ಲವ್ವಗ ಹರಕಿ ಹೊತ್ತಿದ್ಲು. ಕನ್ಯಾ ಪಸಂದ ಅನ್ನೂತನಾ ಬಾಯಾಗ ಒಂದು ಅಗಳು ಹಾಕೂದಿಲ್ಲ ಅಂತ. ಆದ್ರ ಬೀಗರ ಮುಂದ ತಲಿ ತಿರುಗಿ ಬಿದ್ದೇನು ಅಂತ ಹೆದರಿ ಗುಳಗಿ ಮಾತ್ರ ಮರೀದ ನುಂಗಿದ್ಲು. ಖಾಲಿ ಹೊಟ್ಟ್ಯಾಗ ಒಲಿ ಮುಂದ ನಿಂತು ಉಪ್ಪಿಟ್ಟು ಕೆದರಿದ್ಲು, ತುಪ್ಪಾ ಸುರದು ಶಿರಾ ಮಾಡಿದ್ಲು.

ತಾಟು ಎಲ್ಲಾರ ಕೈಗೆ ಬಂದಿದ್ದವು. ಮಾಧುರಿ ತಲಿ ತಗ್ಗಿಸಿ ಕುಂತಿದ್ಲು. ಅಪ್ಪಾಸಾಹೇಬ ಆಕಿನ್ನ ಕೆಳಗಿಂದ ಮ್ಯಾಲ ನೋಡಿ, ಸ್ವಲ್ಪ ನಡದು ತೋರಸವ್ವಾ ಅಂದ. ಆಗ ಅಡಗಿಮನಿಯಿಂದ ಭೀಮವ್ವ ಬಂದ್ಲು. ಹಣಿ, ಕುತಿಗಿ, ಕುಪ್ಪಸ ಎಲ್ಲಾ ಬೆವರು. ತುರುಬು ಬಿಚ್ಚಿತ್ತು. ವಾಲಾಡಕೋತ ಬಂದು ಅಪ್ಪಾಸಾಹೇಬನ ಮುಂದ ನಿಂತು ನಕ್ಲು.

"ಏಯ್ ಮುದಕಾ! ನನ್ನ ಮಗಳನ್ನ ಸಂತಿ ಎಮ್ಮಿ ನೋಡಿದಂಗ ನೋಡಾಕತ್ತೀಯೇನೋ? ಹಲ್ಲೂ ಎಣಸ್ತೀಯೇನು?"

ಗಂಡಸರ ಮುಂದ ಸೆರಗು ಸರಿಸದ ಹೆಣಮಗಳು ಇಂಥಾ ಮಾತಾಡೂದಂದ್ರೇನು! ಸಾವಿತ್ರಿಬಾಯಿ ತಾಟು ಕೆಳಗಿಟ್ಟು ದಡಬಡ ಎದ್ದು, "ಉಧೋ ಉಧೋ! ತಾಯಿ ಬಂದಾಳ್ರೀ, ಎಲ್ಲವ್ವ ಬಂದಾಳ! ಭಂಡಾರ ತರ್ರಿ!" ಅಂದ್ಲು. ಮಾಧುರಿ ಓಡಿಹೋಗಿ ಭಂಡಾರ, ಕರ್ಪೂರ ತಂದ್ಲು. ಅಪ್ಪಾಸಾಹೇಬನ ನಡಾ ತಾನಾಗೇ ಬಗ್ಗಿತು.

"ತಾಯೀ, ಈ ಸಂಬಂಧ ಮಾಡ್ಲೇನವ್ವಾ?" ಸಾವಿತ್ರಿಬಾಯಿ ಸೆರಗು ಒಡ್ಡಿ ಕೇಳಿದ್ಲು.

"ಮಾಡು... ಮಾಡು..." ಭೀಮವ್ವನ ನಾಲಗಿ ತೊದಲಾಕತ್ತಿತ್ತು. ಕಣ್ಣು ಎತ್ತೆತ್ತಲೋ ಹೊಂಟಿದ್ದವು.

ಶಿವಪುತ್ರಪ್ಪಗ ಒಮ್ಮೆಲೇ ತಿಳೀತು. ದೇವಿ ಅಲ್ಲ, ಯಾವ ದೇವಿನೂ ಅಲ್ಲ. ಬೆವರು, ತಪ್ಪಿದ ಮಾತು, ಪ್ರಣೀತಾಬಾಯಿ ಹೇಳಿದ್ದು ಇದನ್ನ. ಕೂಡಲೇ ಸಿಹಿ ಹಾಕಬೇಕು. ಇಲ್ಲಂದ್ರ ಜೀವಾನ ಹೋಗ್ತದ. ಆದ್ರ "ಆಕಿಗೆ ಸಕ್ರಿ ಬ್ಯಾನಿ ಅದ" ಅಂತ ಬಾಯಿ ಬಿಟ್ಟನೋ, ಈ ಬಗ್ಗಿದ ನಡಾ ನೆಟ್ಟಗಾಗಿ ಬಾಗಿಲು ದಾಟತಾವ. ಹೆಂಡತಿ ತಲಿ ಮುಟ್ಟಿ ಆಣಿ ಮಾಡಿದ್ದ. ಬೀಗರು ಒಪ್ಪಿದಂಗೇ ಅದ, ಇನ್ನೊಂದೀಟು ತಡಕೊಳ್ಳಲಿ, ಅವರು ಹೋಗಲಿ, ಹೋದ ಕೂಡಲೇ ಕೊಡ್ತೀನಿ ಅಂತ ತನಗ ತಾನ ಹೇಳಿಕೊಂಡ. ತಾಟು ಬಾಜೂಕ ಇಟ್ಟು, ಎಲ್ಲಾರ ಜೋಡಿ ತಾನೂ ಕೈ ಮುಗದ.

ಭೀಮವ್ವ ಗ್ವಾಡಿಗೆ ಆತು ಜಾರಿ ಕೆಳಗ ಬಿದ್ಲು. "ಎಬ್ಬಸಬ್ಯಾಡ್ರಿ, ದೇವಿ ಇಳದ ಮ್ಯಾಲ ಮೈ ಸೋತಿರ್ತದ, ಮಲಗಲಿ," ಅಂದ್ಲು ಸಾವಿತ್ರಿಬಾಯಿ. ಬೀಗರು ಭೀಮವ್ವನ ಪಾದದ ಧೂಳಿ ಹಣಿಗೆ ಹಚ್ಚಿಕೊಂಡು, ಚಹಾ ಕುಡದು, ಕನ್ಯಾ ಪಸಂದ ಅಂತ ಹೇಳಿ, ಮಾಧುರಿ ಉಡಿ ತುಂಬಿ ನಿಧಾನಕ್ಕ ಎದ್ರು. ಅವರ ಆಟೋ ತಿರುವು ದಾಟೂತನಾ ಶಿವಪುತ್ರಪ್ಪ ಬಾಗಲಾಗ ನಗಮಾರಿ ಮಾಡಿಕೊಂಡು ನಿಂತ.

ಆಮ್ಯಾಲ ಓಡಿ ಬಂದು ಸಕ್ರಿ ಡಬ್ಬಿ ಬಗ್ಗಿಸಿದ. ಹಲ್ಲು ಕಚ್ಚಿಹೋಗಿದ್ದವು. ಸಕ್ರಿ ತುಟಿ ಮ್ಯಾಲ ಉಳೀತು.

ದೊಡ್ಡ ಆಸ್ಪತ್ರಿಯೊಳಗ ಗ್ಲುಕೋಜ್ ಏರಿಸಿದ್ರು. ಆಕಿ ಕಿಡ್ನಿ ಎಂದೋ ಕೆಟ್ಟಿದ್ದವಂತ, ಹಿಂಗಾಗಿ ಗುಳಗಿ ಮೈಬಿಟ್ಟು ಹೋಗಿದ್ದಿಲ್ಲಂತ, ಮಿದುಳಿಗೆ ಪೆಟ್ಟು ಬಿದ್ದಿತ್ತಂತ. ಸುದ್ದಿ ಕೇಳಿ ಪ್ರಣೀತಾ ಅಲ್ಲಿಗೇ ಬಂದ್ಲು. ಹಾಸಿಗಿ ತುದಿಗೆ ಬಾತು ನಿಂತ ಕಾಲು ನೋಡಿದ್ಲು. ಆಮ್ಯಾಲ ಶಿವಪುತ್ರಪ್ಪನ ಕಡೆ ತಿರುಗಿದ್ಲು.

"ನೀವು ಅವತ್ತು ಹೇಳಿದ್ದು ಈ ಕಾಲಿನ ಬಾವಾ?"

"ಹೌದ್ರಿ ಬಾಯಾರ."

"ಇವರು ಒಮ್ಮೆ ನಿಮ್ಮ ಪಕ್ಕದಲ್ಲಿ ಬಂದು ಕೂತಿದ್ರೆ ಸಾಕಿತ್ತಲ್ಲ!" ಅಷ್ಟಂದು ಆಕಿ ಹೊರಗ ಹೋಗಿ ಕಣ್ಣೊರೆಸಿಕೊಂಡ್ಲು. ಮಾಧುರಿ ಅಲ್ಲೇ ನಿಂತಿದ್ಲು, ಎಲ್ಲಾ ಕೇಳಿಸಿಕೊಂಡ್ಲು. ಆ ವಾರದಾಗನ ಭೀಮವ್ವ ಕಣ್ಣು ತೆರೀದ ಹೋದ್ಲು.

ದಿನಕರ್ಮ ಎಲ್ಲಾ ಮುಗದ ಮ್ಯಾಲ ನಿಗಡಿಯವರು ಮಾತಾಡಸಾಕ ಬಂದ್ರು. "ದೇವಿ ತನ್ನ ಭಕ್ತಳನ್ನ ಕರಕೊಂಡ್ಲು. ತಾಯಿ ಮಾತು ಕೊಟ್ಟಾಳ, ನಾವು ತಪ್ಪೂದಿಲ್ರಿ," ಅಂದ ಅಪ್ಪಾಸಾಹೇಬ.

ಒಳಗಿಂದ ಮಾಧುರಿ ಬಂದ್ಲು. "ದೇವಿ ಬಂದಿರಲಿಲ್ರಿ. ನಮ್ಮವ್ವಗ ಸಕ್ರಿ ಬ್ಯಾನಿ ಇತ್ತು. ಅಪ್ಪಗೂ ಅದ. ನಾಳೆ ನನಗೂ ಬರಬಹುದು."

ಗಂಡ-ಹೆಂಡತಿ ಮಾರಿ ಮಾರಿ ನೋಡಿಕೊಂಡ್ರು. ವಿಚಾರ ಮಾಡಿ ಹೇಳ್ತೀವಿ ಅಂತ ಎದ್ದು ಹೋದ್ರು. ವಿಚಾರ ಮಾಡಿದ್ದೂ ಇಲ್ಲ, ಹೇಳಿದ್ದೂ ಇಲ್ಲ.

"ಯಾಕ ಹೇಳಿದೆವ್ವಾ?" ಶಿವಪುತ್ರಪ್ಪ ಅಂಗಲಾಚಿದ. "ನಿನ್ನ ಸಲುವಾಗೇ ಅವತ್ತ ನಾ ಬಾಯಿ ಮುಚ್ಚಿಕೊಂಡು ಕುಂತೆ. ಹೇಳಿದ್ರ ಲಗ್ನ ಮುರೀತಿತ್ತು. ಹೇಳದಿದ್ರ ಆಕಿ... ನಾ ಏನ್ ಮಾಡಬೇಕಾಗಿತ್ತು, ನೀನ ಹೇಳು!"

"ಹೇಳೂದ ಬ್ಯಾಡಾಗಿತ್ತಪ್ಪಾ," ಅಂದ್ಲು ಮಾಧುರಿ. "ನಿನ್ನ ಕೈಯಾಗ ಶಿರಾದ ತಾಟು ಇತ್ತು. ದೇವಿಗೆ ನೈವೇದ್ಯ ಅಂತ ಅವ್ವನ ಬಾಯಾಗ ಒಂದು ತುತ್ತು ಇಟ್ಟಿದ್ರ ಯಾರು ಬ್ಯಾಡ ಅಂತಿದ್ರು? ಅವರು ತಾವ ಮುಂದ ಬಂದು ತಿನಿಸ್ತಿದ್ರು."

ಖರೇನ ಹೇಳಿದ್ಲು. ಅಷ್ಟು ಸರಳ ಮಾತು ಆ ಹೊತ್ತಿನಾಗ ಅಂವಗ ಹೊಳದಿರಲೇ ಇಲ್ಲ. ಈಗ ಹೊಳೀತು. ಶಿವಪುತ್ರಪ್ಪ ಎರಡೂ ಕೈಲೆ ಎದಿ ಬಡಕೊಂಡು ಅಳಾಕ ಹತ್ತಿದ. ಮಾಧುರಿ ತಡೀಲಿಲ್ಲ.