ಬೆಳಕು ಮೊದಲು ನಿಲ್ಲುವ ಮನೆ

ಕ್ರಿಸ್ತ ಗೋರಿಯಿಂದ ಎದ್ದ ದೊಡ್ಡ ಹಬ್ಬದ ಹಿಂದಿನ ದಿನ, ಶನಿವಾರ ಬೆಳಗ್ಗೆ, ಪಕ್ಕದ ಮನೆಯ ವರ್ದೆ ಬಟ್ಟೆ ಮುಚ್ಚಿದ ತಟ್ಟೆ ಹಿಡಿದು ಬಂದಾಗಲೇ ಊರು ಏನು ತೀರ್ಮಾನ ಮಾಡಿದೆ ಎಂಬುದು ಹಿಲಾನೆಗೆ ಗೊತ್ತಾಯಿತು. ತಟ್ಟೆಯಲ್ಲಿದ್ದದ್ದು ಕಾಕ್, ಖರ್ಜೂರ ತುಂಬಿ ಬಳೆಯಂತೆ ಸುತ್ತಿ ಬೇಯಿಸಿದ ಹಬ್ಬದ ತಿಂಡಿ. ವರ್ಷದೊಳಗೆ ಸಾವಾದ ಮನೆಯನ್ನು ಬಿಟ್ಟರೆ ಅದನ್ನು ಮಾಡದ ಮನೆ ಆ ಊರಲ್ಲಿಲ್ಲ. ಸಾವಿನ ಮನೆಗೆ ನೆರೆಯವರು ತಂದುಕೊಡುತ್ತಾರೆ.

ಹಿಲಾನೆ ಬಟ್ಟೆ ಸರಿಸಿಯೂ ನೋಡಲಿಲ್ಲ.

“ಯಾಕೆ ವರ್ದೆ, ನಮ್ಮನೇಲಿ ಹಿಟ್ಟಿಗೆ ಬರ ಬಂದಿದೆ ಅಂತ ಯಾರಾದ್ರೂ ಹೇಳಿದ್ರಾ? ಮೊನ್ನೆ ಬೀದಿ ತುಂಬ ವಾಸನೆ ಹೋಗೋ ಹಾಗೆ ಬೇಯಿಸಿದ್ದೀನಿ. ಬೇಕಾದ್ರೆ ನೀನೇ ನಾಲ್ಕು ತಗೊಂಡು ಹೋಗು.”

ವರ್ದೆ ತಿರುಗಿ ಮಾತಾಡುವವಳೇ. ಅಂದು ಮಾತ್ರ ಕಣ್ಣು ಕೆಳಗೆ ಹಾಕಿ, ತಟ್ಟೆಯ ಸಮೇತ ಹೊರಟುಹೋದಳು. ಬೈದಿದ್ದರೆ ಹಿಲಾನೆಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಅವಳ ಒಬ್ಬನೇ ಮಗ ಮಿತ್ರಿ ಕಲ್ಲು ಕೆತ್ತುವವನು. ಗಣಿ ಮುಚ್ಚಿ ಕೈ ಖಾಲಿಯಾದ ಮೇಲೆ ತುರ್ಕಿಗೆ ಹೋಗಿ, ಅಲ್ಲಿಂದ ಗ್ರೀಸಿಗೆಂದು ರಬ್ಬರ್ ದೋಣಿ ಹತ್ತಿದ್ದ. ಕಳೆದ ಶರತ್ಕಾಲದಲ್ಲಿ ಆ ದೋಣಿ ಮಗುಚಿತು. ಕೆಲವರು ಬದುಕಿದರು, ಕೆಲವರ ಹೆಣ ಸಿಕ್ಕಿತು. ಮಿತ್ರಿ ಎರಡೂ ಗುಂಪಿನಲ್ಲಿರಲಿಲ್ಲ. ಹೆಣ ಸಿಗದವನನ್ನು ಸತ್ತವನೆನ್ನಲು ನಿಮಗೇನು ಅಧಿಕಾರ ಎಂದು ಹಿಲಾನೆ ಬಂದವರನ್ನೆಲ್ಲ ಕೇಳುತ್ತಿದ್ದಳು. ಕೇಳಿ ಕೇಳಿ ಬರುವವರೇ ಕಡಿಮೆಯಾದರು. ಸೊಸೆ ನುಹಾ ಮಾತ್ರ ಅತ್ತೆ ಹೇಳಿದ್ದಕ್ಕೆಲ್ಲ ತಲೆಯಾಡಿಸಿಕೊಂಡು, ಬಣ್ಣದ ಬಟ್ಟೆಯನ್ನೇ ಉಟ್ಟು, ದಿನಕ್ಕಿಷ್ಟು ಸೊರಗುತ್ತಿದ್ದಳು.

ತಟ್ಟೆಯನ್ನೇನೋ ವಾಪಸು ಕಳಿಸಬಹುದು. ಬೆಳಕನ್ನು ಕಳಿಸುವುದು ಹೇಗೆ?

ಯೆರೂಸಲೇಮಿನಲ್ಲಿ ಕ್ರಿಸ್ತನ ಗೋರಿಯೊಳಗಿಂದ ಬೆಳಕು ಹೊರಬರುವುದು ಆ ಶನಿವಾರ ಮಧ್ಯಾಹ್ನ. ಅದನ್ನು ಕಂದೀಲಿನಲ್ಲಿಟ್ಟುಕೊಂಡು ಕಾರಿನಲ್ಲಿ ಈ ಗುಡ್ಡದ ಊರಿಗೆ ತರುತ್ತಾರೆ. ಬಂದ ಬೆಳಕು ಮೊದಲು ನಿಲ್ಲುವುದು ಆ ವರ್ಷ ಸಾವು ಕಂಡ ಮನೆಯ ಮುಂದೆ. ಸತ್ತವರು ಹಲವರಿದ್ದರೆ, ಅವರಲ್ಲಿ ಎಳೆಯವರ ಮನೆಯ ಮುಂದೆ. ಆ ಮನೆಯ ಹೆಂಗಸು ತನ್ನ ಮೇಣದಬತ್ತಿ ಹಚ್ಚಿಕೊಳ್ಳಬೇಕು, ಉಳಿದ ಊರೆಲ್ಲ ಅವಳ ಕೈಯಿಂದ ಹಚ್ಚಿಕೊಳ್ಳಬೇಕು. ಗೋರಿಯಲ್ಲಿ ಹುಟ್ಟಿದ ಬೆಳಕು ಸಾವಿನ ಮನೆಯಿಂದಲೇ ಹೊರಡಲಿ ಎಂದು ಯಾವ ಕಾಲದ ಹಿರಿಯರು ಕಟ್ಟಳೆ ಮಾಡಿದರೋ. ಕೇಳುವುದಕ್ಕೇನೋ ಚೆನ್ನಾಗಿದೆ. ಬತ್ತಿ ಹಿಡಿದು ನಿಲ್ಲಬೇಕಾದವಳನ್ನು ಯಾರೂ ಕೇಳಿದಂತಿಲ್ಲ. ಇವತ್ತು ಕಂದೀಲು ಅವಳ ಬಾಗಿಲಲ್ಲಿ ಮೊದಲು ನಿಂತರೆ ಮಿತ್ರಿ ಸತ್ತ ಹಾಗೆ. ಆಮೇಲೆ ಹಿಲಾನೆ ಗಂಟಲು ಹರಿದುಕೊಂಡರೂ ಅವನನ್ನು ಬದುಕಿಸಲಾಗುವುದಿಲ್ಲ.

ಅವಳು ನೆಟ್ಟಗೆ ಇಗರ್ಜಿಗೆ ಹೋದಳು. ಅಬೂನಾ ಆಯೂಬ್ ಅವಳ ಮದುವೆ ಮಾಡಿಸಿದ್ದ ಪಾದ್ರಿ, ಮಿತ್ರಿಗೆ ದೀಕ್ಷಾಸ್ನಾನ ಕೊಟ್ಟವರು. ಕಂದೀಲಿನ ಗಾಜು ಒರೆಸುತ್ತ ಕೂತಿದ್ದರು. ಚಳಿಗಾಲದಲ್ಲಿ ಎಣ್ಣೆಗಾಣದ ಮುದುಕ ಬಶಾರಾ ತೀರಿಕೊಂಡಿದ್ದಾನಲ್ಲ, ಮೊದಲು ಅವನ ಮನೆಗೇ ಹೋಗಿ ಎಂದಳು ಹಿಲಾನೆ. ಆ ಮನೆಯವರು ಬೆಳಗ್ಗೆಯೇ ಬಾಗಿಲಿಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಅವರಿಗೆ ಬೆಳಕಿಗಿಂತ ಮೊದಲ ಸ್ಥಾನವೇ ದೊಡ್ಡದು.

“ಬೆಳಕು ಸಾವಿನ ಸುದ್ದಿ ಅಲ್ಲಮ್ಮ ಹಿಲಾನೆ,” ಎಂದರು ಅಬೂನಾ. “ಖಾಲಿ ಗೋರಿಯಿಂದ ಬಂದದ್ದು ಅದು. ಅಲ್ಲಿ ಸಾವು ಇಲ್ಲ ಅಂತ ಹೇಳೋಕೇ ಬರೋದು.”

“ನನ್ನ ಮಗನದ್ದೂ ಖಾಲಿ ಗೋರಿನೇ ಅಬೂನಾ. ಅದರಿಂದ ನಂಗೆ ಇಷ್ಟು ಬೆಳಕೂ ಬಂದಿಲ್ಲ.”

ಮುದುಕರ ಕೈ ಗಾಜಿನ ಮೇಲೆ ನಿಂತಿತು. ಆಗಲಿ, ನಿನ್ನ ಬಾಗಿಲಲ್ಲಿ ನಿಲ್ಲದೆ ಮುಂದೆ ಹೋಗುತ್ತೇನೆ ಎಂದು ಮಾತು ಕೊಟ್ಟರು.

ಕಾರನ್ನು ಚೆಕ್‌ಪೋಸ್ಟಿನಲ್ಲಿ ಸೈನಿಕರು ತಡೆದು ನಿಲ್ಲಿಸಿಕೊಂಡಿದ್ದರಿಂದ ಬೆಳಕು ಬರುವ ಹೊತ್ತಿಗೆ ಬಿಸಿಲು ಇಳಿದಿತ್ತು. ಮೆರವಣಿಗೆಯ ಡೋಲು ಕೇಳಿಸಿತು. ಹಿಲಾನೆ ಒಳ್ಳೆಯ ಉಡುಪು ತೊಟ್ಟು, ಎಲ್ಲರಂತೆ ಬತ್ತಿ ಹಿಡಿದು, ಮೆಟ್ಟಿಲ ಮೇಲೆ ನಿಂತಳು. ಅಬೂನಾ ಕಂದೀಲು ಎತ್ತಿ ಹಿಡಿದು ಬಂದರು. ಅವಳ ಬಾಗಿಲ ಎದುರು ಅವರ ಕಾಲು ಅಭ್ಯಾಸಬಲದಿಂದ ಒಂದು ಚಣ ತಡವರಿಸಿತು. ಆಮೇಲೆ ತಲೆ ತಗ್ಗಿಸಿಕೊಂಡು ಮುಂದೆ ಹೋದರು. ಹಿಲಾನೆಯ ಎದೆ ಹಗುರಾಯಿತು. ಗೆದ್ದೆ, ಅಂದುಕೊಂಡಳು. ಮಿತ್ರಿಗೆ ಇನ್ನೊಂದು ವರ್ಷ ಸಿಕ್ಕಿತು.

ಆಗ ಅವಳ ಹಿಂದಿನಿಂದ ನುಹಾ ಹೊರಗೆ ಬಂದಳು. ಅಡಿಯಿಂದ ಮುಡಿಯವರೆಗೆ ಶೋಕದ ಕಪ್ಪು ಉಟ್ಟಿದ್ದಳು. ಮೆಟ್ಟಿಲಿಳಿದು, ಜನರ ನಡುವೆ ದಾರಿ ಮಾಡಿಕೊಂಡು ಹೋಗಿ, ಅಬೂನಾಗೆ ಅಡ್ಡ ನಿಂತಳು.

“ಮೊದಲು ನಮ್ಮನೆ, ಅಬೂನಾ.”

ಡೋಲು ನಿಂತಿತು. ಹಿಲಾನೆ ಸೊಸೆಯ ತೋಳು ಹಿಡಿದು ಎಳೆದಳು, ನಿನಗೆ ತಲೆ ಕೆಟ್ಟಿದೆಯಾ ಎಂದಳು, ಇನ್ನೊಬ್ಬ ಗಂಡ ಬೇಕಾದನೇನೆ ಎಂದು ಬಾಯಿಗೆ ಬಂದದ್ದನ್ನೂ ಅಂದುಬಿಟ್ಟಳು. ನುಹಾ ಕೊಸರಿಕೊಳ್ಳಲಿಲ್ಲ.

“ಅವರ ಜೊತೆ ದೋಣೀಲಿದ್ದ ಸಿರಿಯಾದವನೊಬ್ಬ ಫೋನ್ ಮಾಡಿದ್ದ ಅತ್ತೆ. ಚಳಿಗಾಲದಲ್ಲೇ. ನೀರಲ್ಲಿ ಅವರ ಕೈ ಹಿಡ್ಕೊಂಡಿದ್ದನಂತೆ. ಬೆಳಗಾಗೋವರೆಗೂ ಬಿಡ್ಲಿಲ್ಲವಂತೆ. ಆಮೇಲೆ ಹಿಡ್ಕೊಂಡಿದ್ರೂ ಪ್ರಯೋಜನ ಇರ್ಲಿಲ್ಲವಂತೆ.”

“ನಂಗ್ಯಾಕೆ ಹೇಳ್ಲಿಲ್ಲ?”

“ನೀವು ದಿನಾ ಅವರಿಗೆ ಊಟಕ್ಕೆ ತಟ್ಟೆ ಇಡ್ತಿದ್ರಿ. ಯಾವ ಬಾಯಲ್ಲಿ ಹೇಳ್ಲಿ? ಇವತ್ತೂ ಹೇಳ್ತಿರ್ಲಿಲ್ಲ. ಆದ್ರೆ ಬೆಳಕು ಅವರನ್ನ ಬಿಟ್ಟು ಮುಂದೆ ಹೋಗೋದನ್ನ ನೋಡೋಕಾಗ್ಲಿಲ್ಲ. ಅವರಿಗೆ ಗೋರಿನೂ ಇಲ್ಲ ಅತ್ತೆ. ಇದಾದ್ರೂ ಸಿಗಲಿ.”

ಹಿಲಾನೆಯ ಕೈ ಸೊಸೆಯ ತೋಳಿನಿಂದ ತಾನಾಗಿ ಜಾರಿತು. ಅವಳು ಅಳಲಿಲ್ಲ. ಅಳುವುದಕ್ಕೆ ಮೊದಲು ನಂಬಬೇಕು, ಅವಳಿನ್ನೂ ಅಲ್ಲಿಗೆ ಮುಟ್ಟಿರಲಿಲ್ಲ. ಅಬೂನಾ ಹಿಂದೆ ಬಂದು ಕಂದೀಲಿನ ಬಾಗಿಲು ತೆರೆದರು. ಹಿಲಾನೆಯ ಬತ್ತಿಯನ್ನು ಜ್ವಾಲೆಯವರೆಗೆ ಒಯ್ದದ್ದು ನುಹಾಳ ಕೈ. ಹತ್ತಿಕೊಂಡಿತು. ಜ್ವಾಲೆ ಎಲ್ಲ ಜ್ವಾಲೆಗಳ ಹಾಗೇ ಇತ್ತು. ಅದರಲ್ಲಿ ಮಗನ ಮುಖವಾಗಲಿ ದೇವರ ಮುಖವಾಗಲಿ ಅವಳಿಗೆ ಕಾಣಲಿಲ್ಲ.

ಮೊದಲು ಎದುರಿಗೆ ಬಂದವಳು ವರ್ದೆ. ಬತ್ತಿ ಚಾಚಿ, ಹಬ್ಬದ ಮಾತನ್ನು ಪಿಸುಗುಟ್ಟಿದಳು: “ಕ್ರಿಸ್ತ ಎದ್ದಿದ್ದಾನೆ, ಅಕ್ಕಾ.” ನಿಜವಾಗಿಯೂ ಎದ್ದಿದ್ದಾನೆ ಎಂದು ಬೆಳಕು ಕೊಡುವವಳು ಉತ್ತರ ಹೇಳಬೇಕು. ಹೇಳದೆ ಕೊಡುವ ಹಾಗಿಲ್ಲ. ಇಡೀ ಬೀದಿ ಕಾಯುತ್ತಿತ್ತು.

“ಅವನು ಎದ್ದ, ವರ್ದೆ,” ಎಂದಳು ಹಿಲಾನೆ. “ನನ್ನ ಮಗ ಏಳಲಿಲ್ಲ.”

ಹಾಗೆಂದು ತನ್ನ ಬತ್ತಿಯನ್ನು ಬಾಗಿಸಿದಳು. ವರ್ದೆಯ ಬತ್ತಿ ಹತ್ತಿಕೊಂಡಿತು. ಅವಳ ಹಿಂದೆ ಊರೆಲ್ಲ ಸಾಲಾಗಿ ನಿಂತಿತ್ತು, ಅವರಲ್ಲಿ ಒಬ್ಬೊಬ್ಬರಿಗೂ ಅವಳು ಅದನ್ನೇ ಹೇಳಬೇಕಾಗಿತ್ತು.