ಸೋರದ ಹಲ್ಲುಗಳು

ಕೀರ್ತಿಯ ಗುರುಗಳಾದ ಡಾಕ್ಟರ್ ಗುರುಪಾದರಿಗೆ ಇಬ್ಬರ ಮೇಲೆ ಮಾತ್ರ ಪೂರ್ಣ ನಂಬಿಕೆ. ಒಬ್ಬ ದೇವರು, ಇನ್ನೊಬ್ಬರು ತಾವು. ದೇವರನ್ನು ಸೋಮವಾರ ನೆನೆಯುತ್ತಿದ್ದರು, ತಮ್ಮನ್ನು ದಿನಾಲೂ.

ಪಣಜಿ ಹತ್ತಿರದ ಖಾಸಗಿ ದಂತ ಕಾಲೇಜೊಂದರಲ್ಲಿ ಅವರು ಪ್ರೊಫೆಸರು. ಹಲ್ಲಿನ ಕುಳಿ ತುಂಬುವಾಗ ಹಚ್ಚುವ ಅಂಟಿಗೆ ಸೀಗಡಿ ಸಿಪ್ಪೆಯಿಂದ ತೆಗೆದ ಪುಡಿ ಬೆರೆಸಿದರೆ ಬಿಗಿ ಹೆಚ್ಚುತ್ತದೆ ಎಂಬುದು ಅವರ ಸಿದ್ಧಾಂತ. ಸಿದ್ಧಾಂತ ಅವರದು, ದುಡಿಮೆ ಕೀರ್ತಿಯದು. ಈ ಪ್ರಬಂಧ ಪಾಸಾದರೆ ಮಾತ್ರ ಅವಳಿಗೆ ಎಂ.ಡಿ.ಎಸ್. ಪದವಿ.

ಪರೀಕ್ಷೆಯ ಕ್ರಮ ಹೀಗೆ: ಕಿತ್ತ ಹಲ್ಲುಗಳ ಕುಳಿ ತುಂಬಿ, ತುಂಬಿದ ಜಾಗದ ಸುತ್ತ ಸಣ್ಣ ಅಂಚು ಬಿಟ್ಟು, ಉಳಿದೆಲ್ಲ ಕಡೆ ನೀರು ಹೋಗದಂತೆ ಉಗುರುಬಣ್ಣ ಬಳಿಯಬೇಕು. ಆಮೇಲೆ ನೀಲಿ ನೀರಿನಲ್ಲಿ ನೆನೆಹಾಕಿ, ಸೀಳಿ ನೋಡಬೇಕು. ಬಿಟ್ಟ ಅಂಚಿನಿಂದ ನೀಲಿ ಒಳಗಿಳಿದಿದ್ದರೆ ಅಂಟು ಸೋರಿತು ಎಂದರ್ಥ.

ಹೋಲಿಸಿ ನೋಡಲೆಂದು ಪುಡಿ ಬೆರೆಸದ ಹಳೇ ಅಂಟಿನಿಂದ ತುಂಬಿದ ಹಲ್ಲುಗಳಿಗೆ ಕಾಲೇಜಿನಲ್ಲೇ ಬಳಿದಾಗಿತ್ತು. ಹೊಸ ಅಂಟಿನವು ಬಾಕಿ ಇರುವಾಗ ಕಾರ್ನಿವಲ್ ರಜೆ ಬಂದು ಲ್ಯಾಬಿಗೆ ಬೀಗ ಬಿತ್ತು. ಕೀರ್ತಿ ಅವನ್ನು ಡಬ್ಬಿಯಲ್ಲಿ ಹಾಕಿಕೊಂಡು ಮಾಪ್ಸಾದ ಮನೆಗೆ ತಂದಳು. ಅವ್ವ ಅನ್ನಪೂರ್ಣವ್ವ ಹೌಹಾರಿದಳು.

"ಮಂದಿ ಹಲ್ಲು ನನ್ನ ಮನ್ಯಾಗ್ಯಾಕ? ಒಲಿ ಹತ್ರ ತಂದಿ ಅಂದ್ರ ನೋಡು!"

ಸೀಗಡಿಯ ಸುದ್ದಿಯನ್ನು ಕೀರ್ತಿ ಎತ್ತಲೇ ಇಲ್ಲ. ಎತ್ತಿದ್ದರೆ ಹಲ್ಲುಗಳ ಜೊತೆ ಅವಳೂ ಹೊರಗೇ ಇರಬೇಕಾಗುತ್ತಿತ್ತು. ಬಾಲ್ಕನಿಯಲ್ಲಿ ಕೂತು ನೀರಿನಂಥ, ಬಣ್ಣವೇ ಇಲ್ಲದ ಉಗುರುಬಣ್ಣವನ್ನು ಹಲ್ಲುಗಳಿಗೆ ಬಳಿದು, ಪೇಪರಿನ ಮೇಲೆ ಒಣಗಲು ಬಿಟ್ಟು ಮಲಗಿದಳು.

ರಜೆ ಮುಗಿದ ಮೇಲೆ ಎಲ್ಲವನ್ನೂ ನೀಲಿ ನೀರಿನಲ್ಲಿ ನೆನೆಹಾಕಿ ಸೀಳಿ ನೋಡಿದರೆ ಹಳೇ ಅಂಟಿನ ಹಲ್ಲುಗಳಲ್ಲೆಲ್ಲ ಅಷ್ಟಿಷ್ಟು ನೀಲಿ. ಹೊಸವುಗಳಲ್ಲಿ ಹೆಸರಿಗೂ ಇಲ್ಲ. ಗುರುಪಾದರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಪಣಜಿಯ ಹೋಟೆಲಿನಲ್ಲಿ ನಡೆಯಲಿದ್ದ ಸಮ್ಮೇಳನಕ್ಕೆ ಕೂಡಲೇ ಹೆಸರು ಕೊಟ್ಟರು. ಅದೂ ಸಾಲದೆ ತಮ್ಮ ಹುಳುಕು ದವಡೆಹಲ್ಲನ್ನು ಅದೇ ಅಂಟು ಹಾಕಿ ಕೀರ್ತಿಯ ಕೈಯಿಂದ ತುಂಬಿಸಿಕೊಂಡರು.

"ವೇದಿಕಿ ಮ್ಯಾಲ ಬಾಯಿ ತಗದು ತೋರಸ್ತೇನಿ," ಎಂದರು. ಬೇಡವೆನ್ನುವ ಧೈರ್ಯ ಅವಳಿಗಿರಲಿಲ್ಲ.

ಆ ವಾರ ಕೀರ್ತಿ ಪೇಢೆ ಕಟ್ಟಿಸಿಕೊಂಡು ಮನೆಗೆ ಹೋದಳು. ಒಂದು ಹಲ್ಲೂ ಸೋರಲಿಲ್ಲ ಎಂಬ ಸುದ್ದಿ ಕೇಳಿ ಅವ್ವ ಬೀಗಿದಳು.

"ಸೋರೂದು ಹ್ಯಾಂಗವಾ? ನೀ ಅರ್ಧಾ ಬಳದು ಮಲಗಿದ್ದಿ. ತುಂಬಿದ್ದರ ಸುತ್ತ ಮಿಂಚತಿರಲಿಲ್ಲ. ನಾನ ಎಲ್ಲಾಕೂ ಒಂದೊಂದು ಕೈ ಬಳದೆ. ಉಪ್ಪಿನಕಾಯಿ ಭರಣಿ ಬಾಯಿ ಬಿಟ್ಟು ಹೊಟ್ಟಿಗೆ ಬಟ್ಟಿ ಕಟ್ಟತಾರೇನು?"

ಕೀರ್ತಿ ಕೈಯಲ್ಲಿದ್ದ ಪೇಢೆಯನ್ನು ತಿರುಗಿ ಪೊಟ್ಟಣದಲ್ಲಿಟ್ಟಳು. ಅವ್ವನ ಮೇಲೆ ಸಿಟ್ಟು ಬಂತು, ನೋಡದೆ ಮಲಗಿದ ತನ್ನ ಮೇಲೆ ಅದಕ್ಕಿಂತ ಹೆಚ್ಚು. ನಾಳೆ ಇದೇ ಅಂಟು ಊರ ಮಂದಿಯ ಬಾಯಿಗೆ ಹೋದರೆ ಎಂದು ನೆನೆದು ನಿಜಕ್ಕೂ ಹೆದರಿದಳು.

ಮರುದಿನ ಗುರುಪಾದರ ಮುಂದೆ ನಿಂತಳು. "ಸರ್, ನೀಲಿ ತಡದದ್ದು ನಮ್ಮ ಅಂಟಲ್ಲರಿ, ಅವ್ವ ಬಳದ ಉಗುರುಬಣ್ಣರಿ. ಪರೀಕ್ಷಾ ಮತ್ತ ಮಾಡ್ತೇನ್ರಿ."

ಅವರು ಎದ್ದು ಬಾಗಿಲು ಹಾಕಿದರು. "ಹುಚ್ಚಿ ಅದೀಯೇನು? ಪದವಿ ಬೇಕಂದ್ರ ಸುಮ್ನಿರು. ಅಂಟು ಖರೇನ ಚಲೋ ಐತಿ. ನನ್ನ ಹಲ್ಲ ಸಾಕ್ಷಿ!"

ಹೇಳಿದವರೇ ದಿನದ ರೂಢಿಯಂತೆ ಮೇಜಿನ ಮೇಲಿದ್ದ ತಣ್ಣನೆಯ ಕೆಂಪು ಕೋಕಂ ಹಣ್ಣಿನ ಶರಬತ್ತನ್ನು ಗುಟುಕರಿಸಿದರು. ಮರುಕ್ಷಣ ಕೆನ್ನೆ ಹಿಡಿದುಕೊಂಡು ಕುರ್ಚಿಗೆ ಕುಸಿದರು. ಕಣ್ಣಲ್ಲಿ ನೀರು ಬಂದಿತ್ತು. ಸಣ್ಣ ದನಿಯಲ್ಲಿ, "ಇದನ್ನ ತಗದು ಹಳೇ ಅಂಟು ಹಾಕಿಬಿಡವಾ. ಯಾರಿಗೂ ಹೇಳಬ್ಯಾಡ," ಎಂದರು.

ಕೀರ್ತಿ ಅವರನ್ನು ಚೇರಿನಲ್ಲಿ ಒರಗಿಸಿ, ಬಾಯಿಗೆ ಹತ್ತಿಯುಂಡೆ ಇಟ್ಟು, ತುಂಬಿದ್ದನ್ನು ಕೊರೆದು ತೆಗೆದಳು. ಕೋಕಮ್ಮಿನ ಕೆಂಪು ಕುಳಿಯ ತಳದವರೆಗೂ ಇಳಿದಿತ್ತು. ಸಣ್ಣ ಕನ್ನಡಿ ಹಿಡಿದು ಅವರಿಗೇ ತೋರಿಸಿದಳು.

"ಸರ್, ಪರೀಕ್ಷಾ ಮೊದಲಿಂದ ಮಾಡಿ, ಏನ್ ಸೋರತೈತಿ ಅದನ್ನ ಬರೀತೇನ್ರಿ. ಬ್ಯಾಡ ಅನ್ನೂದಿದ್ರ ಈಗ ಹೇಳ್ರಿ."

ಗುರುಪಾದರು ಕಣ್ಣು ಕೆಂಪಗೆ ಮಾಡಿ, "ಆಂ... ಆಂ..." ಎಂದರು.

"ಹೂಂ ಅಂದ್ರಿ. ಭಾಳ ಉಪಕಾರ ಆತ್ರಿ," ಎನ್ನುತ್ತ ಕೀರ್ತಿ ಹಳೇ ಅಂಟಿನ ಬಾಟಲಿಗೆ ಕೈ ಚಾಚಿದಳು.