ಸುಗ್ಗಿ ಬಯಲಿಗೆ ಕಾಲುಚೀಲ

ನಮ್ಮ ಕಡೆಯವರಿಗೆ ಒಂದು ಚಟವಿದೆ. ದೊಡ್ಡಾಸ್ಪತ್ರೆಗೆ ಹೋಗಬೇಕಾದರೆ, ನೆಂಟರ ಮನೆಗೆ ಹೊರಟವರ ಹಾಗೆ ಮೊದಲು ಮೈಯನ್ನು ಒಪ್ಪ ಮಾಡಿಕೊಂಡು ಹೋಗುತ್ತೇವೆ. ಒಂಬತ್ತು ವರ್ಷದಿಂದ ಊದಿಕೊಂಡಿದ್ದ ನನ್ನ ಬಲಗಾಲನ್ನು ಹಾಸನದ ಡಾಕ್ಟರಿಗೆ ತೋರಿಸುವುದು ಅಂತಾದಾಗ ನನ್ನ ಹೆಂಡತಿ ಗಂಗಾಮಣಿ ಮಾಡಿದ್ದೂ ಅದನ್ನೇ. ಮೂರು ದಿನ ನನ್ನನ್ನು ಮಂಚದಿಂದ ಇಳಿಯಬಿಡಲಿಲ್ಲ. ಕಾಲ ಕೆಳಗೆ ಎರಡು ದಿಂಬು, ಊಟಕ್ಕೆ ಉಪ್ಪಿಲ್ಲ. ಬಾಳ್ಳುಪೇಟೆಯಲ್ಲಿ ಬಸ್ಸು ಹತ್ತಿದ ಮೇಲೂ ಕಾಲನ್ನು ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಹಾಸನ ಬರುವವರೆಗೂ ನಾನು ನಾಚಿಕೆಯಿಂದ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದೆ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಕಾಲನ್ನು ಅಲ್ಲಲ್ಲಿ ಒತ್ತಿದರು, ಟೇಪು ಹಿಡಿದು ಅಳತೆ ತೆಗೆದರು.

"ನೀವು ಹೇಳಿದಷ್ಟು ಊತ ಕಾಣಿಸ್ತಾ ಇಲ್ವಲ್ಲ ತಿಮ್ಮಯ್ಯನವರೇ?"

ಬಗ್ಗಿ ನೋಡಿದೆ. ದಿನಾ ಸಂಜೆ ಚಪ್ಪಲಿಯ ಬಾರು ಹೂತುಹೋಗುವಷ್ಟು ಊದುವ ಕಾಲು, ಅವತ್ತು ಏನೂ ಅರಿಯದ ಮಗುವಿನ ಹಾಗೆ ಕೂತಿತ್ತು. ಒದೆಯಬೇಕು ಅನ್ನಿಸಿತು. ಅದನ್ನು ಒದೆಯುವುದಾದರೂ ಯಾವ ಕಾಲಲ್ಲಿ?

ಮೂತ್ರ, ರಕ್ತ, ಎದೆಗೆ ವೈರು ಅಂಟಿಸಿ ತೆಗೆಯುವ ಪಟ್ಟಿ, ಎಲ್ಲ ಪರೀಕ್ಷೆಯೂ ಆಯಿತು. ಕಿಡ್ನಿ ಸರಿ, ಹೃದಯವೂ ಸರಿ. ಡಾಕ್ಟರಮ್ಮ ನಮ್ಮ ಮೂರು ದಿನದ ಸಿದ್ಧತೆಯನ್ನು ಕೇಳಿ ನಕ್ಕುಬಿಟ್ಟರು. "ಮುಂದಿನ ವಾರ ಬನ್ನಿ, ರಕ್ತನಾಳದ ಸ್ಕ್ಯಾನ್ ಮಾಡೋಣ. ಆದ್ರೆ ದಿನಾ ಇರೋ ಹಾಗೇ ಇದ್ದು, ಕೆಲಸ ಮಾಡ್ಕೊಂಡೇ ಬನ್ನಿ" ಅಂದರು.

ಇಷ್ಟು ವರ್ಷ ಸುಮ್ಮನಿದ್ದವನಿಗೆ ಈಗೇನು ಅವಸರ ಅಂತ ನೀವು ಕೇಳಬಹುದು. ಅವಸರ ಸುಗ್ಗಿಯದು. ಬೇಸಿಗೆ ಶುರುವಾಗುವ ಹೊತ್ತಿಗೆ ನಮ್ಮೂರಿನಲ್ಲಿ ಮೂರು ದಿನ ದೇವರ ಮುಂದೆ ಗಂಡಸರು ಸುತ್ತುಗಟ್ಟಿ ಕುಣಿಯುತ್ತಾರೆ. ಮೊದಲ ಹೆಜ್ಜೆ ನಮ್ಮ ಮನೆಯದು. ನಮ್ಮಜ್ಜನ ಕಾಲದಿಂದಲೂ ನಮ್ಮ ಮನೆಯ ಹಿರಿಯ ಬಲಗಾಲು ಮುಂದಿಡದೆ ಕುಣಿತ ಶುರುವಾಗುವುದಿಲ್ಲ. ಒಂಬತ್ತು ವರ್ಷದ ಕೆಳಗೆ ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಈ ಕಾಲಿಗೆ ಎರಡು ತಿಂಗಳು ಪ್ಲಾಸ್ಟರ್ ಹಾಕಿದರು. ಪ್ಲಾಸ್ಟರ್ ಬಿಚ್ಚಿದ ಮೇಲೆ ಊತ ಬಂತು, ಬಂದದ್ದು ಹೋಗಲಿಲ್ಲ. ಅಲ್ಲಿಂದ ಮೊದಲ ಹೆಜ್ಜೆ ನನ್ನ ತಮ್ಮ ರವಿಚಂದ್ರನ ಪಾಲಾಯಿತು. ಅವನು ಒಳ್ಳೆಯವನೇ, ಆದರೆ ತಾಳ ತಪ್ಪುತ್ತಾನೆ. ಪ್ರತಿ ವರ್ಷ ಅದನ್ನು ನೋಡುವಾಗ ನನಗೆ ಹೊಟ್ಟೆಕಿಚ್ಚು, ಅಳು ಎರಡೂ ಬರುತ್ತಿದ್ದವು. ನನಗೀಗ ಐವತ್ತೆಂಟು. ಸಾಯುವುದರೊಳಗೆ ಒಂದು ಸಲವಾದರೂ ಆ ಹೆಜ್ಜೆ ನಾನೇ ಇಡಬೇಕು ಅನ್ನುವ ಆಸೆ.

ಕುಣಿಯಲಾಗದವನು ಮೂಲೆಗೆ ಬೀಳಬಾರದು ಅಂತ ಊರಗೌಡ ಮಹಾದೇವಯ್ಯ ನನಗೆ ಇನ್ನೊಂದು ಮರ್ಯಾದೆ ಕೊಟ್ಟಿದ್ದರು. ದೇವರ ಪಕ್ಕ ಸತ್ತಿಗೆ ಹಿಡಿದು ನಿಲ್ಲುವುದು. ಮಧ್ಯಾಹ್ನದಿಂದ ಸಂಜೆಯವರೆಗೆ, ಆ ದೊಡ್ಡ ಛತ್ರಿ ಹಿಡಿದು ಅಲ್ಲಾಡದೆ ನಿಂತಿರಬೇಕು. "ಕಾಲಿಗೆ ಕೆಲ್ಸ ಇಲ್ಲ ಕಣೋ, ಆರಾಮಾಗಿ ನಿಂತ್ಕೊ" ಅಂದಿದ್ದರು. ಅವರು ಕೊಟ್ಟದ್ದು ಪ್ರೀತಿಯಿಂದ. ಅದಕ್ಕೇ ಸುಗ್ಗಿ ಮುಗಿದ ಮೇಲೆ ಎರಡು ವಾರ ನಾನು ಮಲಗುತ್ತಿದ್ದದ್ದನ್ನು ಅವರಿಗೆ ಯಾವತ್ತೂ ಹೇಳಿರಲಿಲ್ಲ.

ಎರಡನೇ ಸಲ, ಬೆಳಿಗ್ಗೆಯೆಲ್ಲ ತೋಟದಲ್ಲಿ ಕಾಫಿ ಹೂ ಬಿಡಲಿ ಅಂತ ಗಿಡಗಳಿಗೆ ನೀರು ಹಾಯಿಸಿ, ಬಸ್ಸಿನಲ್ಲಿ ಜಾಗವಿದ್ದರೂ ನಿಂತೇ ಹೋದೆ. ಕಾಲು ತೋರಿಸಿಕೊಳ್ಳುವುದಕ್ಕೆ ಯೋಗ್ಯವಾಗಿ ಊದಿತ್ತು. ಡಾಕ್ಟರಮ್ಮ ನನ್ನನ್ನು ನಿಲ್ಲಿಸಿ, ತಣ್ಣನೆಯ ಅಂಟು ಬಳಿದು, ತೊಡೆಯ ಮೇಲೆ ಒಂದು ಗುಂಡಿಯಂಥದ್ದನ್ನು ಒತ್ತಿ ಹಿಡಿದರು. ಇನ್ನೊಂದು ಕೈಯಲ್ಲಿ ಮೀನಖಂಡ ಹಿಂಡಿದರು. ಮಿಷನ್ನಿನಿಂದ 'ಶೂ' ಅಂತ ಸದ್ದು ಬಂತು. ಕೈ ಬಿಟ್ಟರು. ಮತ್ತೆ 'ಶೂ' ಅಂತ, ಮೊದಲಿಗಿಂತ ಉದ್ದಕ್ಕೆ, ನಿಲ್ಲದ ಹಾಗೆ.

"ಕೇಳಿಸ್ತಾ? ಹಿಂಡಿದಾಗ ರಕ್ತ ಮೇಲೆ ಹೋಯ್ತು. ಬಿಟ್ಟಾಗ ಅಲ್ಲೇ ನಿಲ್ಬೇಕಿತ್ತು, ವಾಪಸ್ ಕೆಳಗೆ ಬರ್ತಿದೆ. ಪ್ಲಾಸ್ಟರ್ ಹಾಕಿದ್ದಾಗ ಒಳಗೆ ರಕ್ತ ಹೆಪ್ಪುಗಟ್ಟಿರ್ಬೇಕು. ಅದರಿಂದ ನಾಳದ ಕವಾಟಗಳು ಹಾಳಾಗಿವೆ."

"ಫುಟ್‌ವಾಲ್ವ್ ಹೋಗೈತೆ ಅನ್ನಿ" ಅಂದೆ.

ಅವರಿಗೆ ಅರ್ಥವಾಗಲಿಲ್ಲ. ಹೊಳೆಗೆ ಇಳಿಬಿಟ್ಟ ಪೈಪಿನ ತುದಿಯಲ್ಲಿ ಒಂದು ವಾಲ್ವ್ ಇರುತ್ತದೆ, ಅದು ಕೆಟ್ಟರೆ ಮೇಲೆ ಎಳೆದ ನೀರೆಲ್ಲ ಹೊಳೆಗೇ ವಾಪಸ್ಸು ಅಂತ ವಿವರಿಸಿದೆ. ಊರಲ್ಲಿ ಯಾರ ಪಂಪು ಕೆಟ್ಟರೂ ಅದನ್ನು ಬಿಚ್ಚುವವನು ನಾನು. "ಹೊಸದು ಹಾಕಕ್ಕಾಗಲ್ವಾ?"

"ಇದಕ್ಕೆ ಹೊಸದು ಸಿಗಲ್ಲ" ಅಂದರು ನಗುತ್ತ. "ಬೆಳಿಗ್ಗೆ ಎದ್ದ ತಕ್ಷಣ ಬಿಗಿಯಾದ ಸ್ಟಾಕಿಂಗ್ ಹಾಕ್ಕೊಳ್ಳಿ. ಕೂತಾಗ ಕಾಲು ಮೇಲಿರ್ಲಿ. ಎಷ್ಟು ಬೇಕಾದ್ರೂ ನಡೀರಿ, ಮೀನಖಂಡನೇ ನಿಮ್ಮ ಪಂಪು. ಒಂದೇ ಕಡೆ ನಿಲ್ಲೋದು ಮಾತ್ರ ಬೇಡ. ಈ ಕಾಲಿಗೆ ಅದಕ್ಕಿಂತ ಕೆಟ್ಟದ್ದಿಲ್ಲ."

"ಕುಣಿದ್ರೆ?"

"ಸ್ಟಾಕಿಂಗ್ ಹಾಕ್ಕೊಂಡು ಕುಣೀರಿ. ಸುಸ್ತಾದ್ರೆ ನಿಲ್ಲಬೇಡಿ, ಮಲಗಿ."

ಬಸ್ಸಿನಲ್ಲಿ ಗಂಗಾಮಣಿ ಬೆರಳು ಮಡಿಚುತ್ತ ಕೂತಿದ್ದಳು. ಸತ್ತಿಗೆ ಹಿಡಿದು ನಾನು ನಿಂತ ವರ್ಷಗಳ ಲೆಕ್ಕ ಹಾಕುತ್ತಿದ್ದಾಳೆಂದು ನನಗೆ ಗೊತ್ತಿತ್ತು.

ಆದರೆ ಎಡವಟ್ಟು ಬೇರೆಯೇ ಇತ್ತು. ಸುಗ್ಗಿ ಸಾರಿದ ಮೇಲೆ ನಮ್ಮೂರಲ್ಲಿ ಒಗ್ಗರಣೆ ಹಾಕುವಂತಿಲ್ಲ, ಹಸಿ ಮರ ಕಡಿಯುವಂತಿಲ್ಲ, ಕಾಲಿಗೆ ಚಪ್ಪಲಿ ಮೆಟ್ಟುವಂತಿಲ್ಲ. ಡಾಕ್ಟರಮ್ಮ ಹೇಳಿದ ಈ ಬಿಗಿ ಕಾಲುಚೀಲ ಬೆರಳನ್ನಷ್ಟೇ ಹೊರಗೆ ಬಿಟ್ಟು, ಅಂಗಾಲನ್ನೂ ಮುಚ್ಚಿಕೊಂಡು ಮಂಡಿಯವರೆಗೆ ಬರುತ್ತಿತ್ತು. ಅದು ಮೆಟ್ಟೋ, ಬಟ್ಟೆಯೋ? ಗೌಡರೇ ಹೇಳಬೇಕು. ಎಪ್ಪತ್ತೆರಡರ ಆ ಮನುಷ್ಯ, ಒಮ್ಮೆ ಸುಗ್ಗಿಗೆ ಬೂಟು ಹಾಕಿಕೊಂಡು ಬಂದ ಸ್ವಂತ ಅಳಿಯನನ್ನೇ ಊರಬಾಗಿಲಿಂದ ತಿರುಗಿಸಿ ಕಳಿಸಿದವರು.

ಇಬ್ಬರೂ ಅವರ ಮನೆಗೆ ಹೋದೆವು. ಗೌಡರು ಕಾಲುಚೀಲವನ್ನು ಎಳೆದೆಳೆದು ನೋಡಿದರು.

"ಅಂಗಾಲು ಮಣ್ಣು ಮುಟ್ಟಲ್ವಲ್ಲೋ ತಿಮ್ಮ. ಯಾಕ್ ಮಾರಾಯ ಈ ತಾಪತ್ರಯ? ಕಾಲು ಸರಿಯಿಲ್ಲ ಅಂತ್ಲೇ ಅಲ್ವಾ ನಿಂಗೆ ಸತ್ತಿಗೆ ಕೊಟ್ಟಿರದು? ಆರಾಮಾಗಿ ನಿಂತ್ಕೊ."

ನಾನು ಹೂಂ ಅಂದು ಏಳುವವನಿದ್ದೆ. ಗಂಗಾಮಣಿಗೆ ತಡೆಯಲಾಗಲಿಲ್ಲ.

"ಆ ನಿಲ್ಲದೇ ಇವರ ಕಾಲು ತಿಂದಿರದು ಗೌಡ್ರೇ! ಪ್ರತಿ ವರ್ಷ ಸತ್ತಿಗೆ ಹಿಡ್ದು ಬಂದು ಹದಿನೈದು ದಿನ ಮಲಗ್ತಾರೆ. ನಿಮ್ಗೆ ಬೇಜಾರಾಗ್ತದೆ ಅಂತ ಬಾಯ್ಬುಟ್ಟಿಲ್ಲ. ಡಾಕ್ಟ್ರು ನಡಿ ಅಂತಾರೆ, ಕುಣಿ ಅಂತಾರೆ, ನಿಲ್ಲಬ್ಯಾಡ ಅಂತಾರೆ!"

ಗೌಡರು ಕಾಲುಚೀಲವನ್ನು ಮಡಿಚಿ ನನ್ನ ಕೈಗಿಟ್ಟರು. ಎದ್ದು ಒಳಗೆ ಹೋದರು. ದಾರಿಯುದ್ದಕ್ಕೂ ನಾನು ಹೆಂಡತಿಗೆ ಬೈದೆ. ಹಿರಿಯರ ಮನಸ್ಸು ನೋಯಿಸಿದ್ದಾಯಿತು, ಹೆಜ್ಜೆಯೂ ಹೋಯಿತು ಅಂದುಕೊಂಡೆ.

ಸುಗ್ಗಿಯ ಮೊದಲ ದಿನ ಕಾಲುಚೀಲವನ್ನು ಮನೆಯಲ್ಲೇ ಬಿಟ್ಟು ಬಯಲಿಗೆ ಹೋದೆ. ಎಂದಿನಂತೆ ಸತ್ತಿಗೆ ಎತ್ತಿಕೊಂಡು ದೇವರ ಪಕ್ಕ ನಿಂತೆ. ಡೋಲಿನವರು ಶುರು ಮಾಡುವ ಹೊತ್ತಿಗೆ ಗೌಡರು ನೆಟ್ಟಗೆ ನನ್ನ ಹತ್ತಿರ ಬಂದರು. ಸತ್ತಿಗೆಯ ಕೋಲಿಗೆ ಕೈ ಹಾಕಿದರು.

"ಕೊಡು ಇಲ್ಲಿ. ಒಂಬತ್ತು ವರ್ಷ ನಿಲ್ಲಿಸ್ಬುಟ್ಟೆ ಕಣೋ ನಿನ್ನ. ಒಂದ್ ಮಾತು ಹೇಳಬಾರ್ದಿತ್ತಾ?"

"ಗೌಡ್ರೇ, ಕಾಲುಚೀಲ..."

"ಚಪ್ಪಲಿ ಬ್ಯಾಡ ಅಂತ ನಮ್ಮಪ್ಪ ಹೇಳಿದ್ದ. ಔಷಧಿ ಬ್ಯಾಡ ಅಂದಿರ್ಲಿಲ್ಲ. ಹೋಗು, ಹಾಕ್ಕೊಂಡು ಬಾ. ಡೋಲು ಕಾಯ್ತದೆ."

ಮನೆಗೆ ಓಡಬೇಕಾಗಲಿಲ್ಲ. ಹೆಂಗಸರ ಸಾಲಿನಿಂದ ಗಂಗಾಮಣಿ ಎದ್ದು ಬಂದು ಸೆರಗಿನಿಂದ ಕಾಲುಚೀಲ ತೆಗೆದಳು. ಊರೆಲ್ಲ ನೋಡುತ್ತಿರುವಾಗ ನೆಲದ ಮೇಲೆ ಮಲಗಿ, ಕಾಲು ಮೇಲೆತ್ತಿದೆ. ಅವಳು ಅದನ್ನು ಎಳೆದೆಳೆದು ಏರಿಸಿದಳು. ಯಾರೂ ನಗಲಿಲ್ಲ. ನಗಾಡಿದ್ದರೂ ನನಗೆ ಚಿಂತೆ ಇರಲಿಲ್ಲ.

ಎದ್ದು ಬಲಗಾಲು ಮುಂದಿಟ್ಟೆ. ಐದು ಬೆರಳು ಮಣ್ಣು ಮುಟ್ಟಿದವು. ನನ್ನ ಹಿಂದೆ ತಮ್ಮ, ಅವನ ಹಿಂದೆ ಊರು.

ನಾನು ಮೂರು ಸುತ್ತು ಕುಣಿದು, ಅರಳಿಕಟ್ಟೆಯ ಮೇಲೆ ಕಾಲು ಎತ್ತಿಟ್ಟು ಮಲಗಿ, ಮತ್ತೆ ಎದ್ದು ಕುಣಿದೆ. ಗೌಡರು ಸಂಜೆಯವರೆಗೂ ಸತ್ತಿಗೆಯನ್ನು ಯಾರಿಗೂ ಕೊಡಲಿಲ್ಲ, ಕೇಳಿದವರನ್ನೆಲ್ಲ ಗದರಿ ಕಳಿಸಿದರು. ದೇವರು ಒಳಗೆ ಹೋದ ಮೇಲೆ ಕುಂಟುತ್ತ ಬಂದು ಕಟ್ಟೆಯ ಮೇಲೆ ನನ್ನ ಪಕ್ಕ ಕೂತರು. ಪಂಚೆ ಸರಿಸಿ ತಮ್ಮ ಕಣಕಾಲನ್ನು ಬೆರಳಿನಿಂದ ಒತ್ತಿದರು. ಅಲ್ಲಿ ಬಿದ್ದ ಗುಳಿಯನ್ನು ಬಹಳ ಹೊತ್ತು ನೋಡಿದರು.

"ಒಂದಿನಕ್ಕೇ ಹಿಂಗೇನೋ ತಿಮ್ಮ?" ಅಂದರು.

"ನಾಳೆ ಸತ್ತಿಗೆ ನನ್ ತಮ್ಮ ಹಿಡೀತಾನೆ ಗೌಡ್ರೇ. ನೀವು ಕಾಲು ಮ್ಯಾಲಿಡಿ" ಅಂದು, ನನ್ನ ತಲೆಯ ಕೆಳಗಿದ್ದ ಕಂಬಳಿಯನ್ನು ಅವರ ಕಾಲ ಕೆಳಗಿಟ್ಟೆ.